ಐಸ್ ಮೆಷಿನ್ ಅರ್ಧಕ್ಕೆ ಇಳಿದರೆ: ಗ್ಯಾಸ್ ತುಂಬಿಸುವ ಮೊದಲು ನೀರು ನೋಡಿ

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ಜ್ಯೂಸ್ ಸೆಂಟರ್ ಇದೆ, ಅದಕ್ಕೆ ಅಂಟಿಕೊಂಡೇ ಸಣ್ಣ ಖಾನಾವಳಿ. ಎರಡು ವರ್ಷದ ಹಿಂದೆ ದಿನಕ್ಕೆ 100 ಕೆ.ಜಿ. ಐಸ್ ಮಾಡುವ ಕ್ಯೂಬ್ ಮೆಷಿನ್ ತಂದೆವು. ಮೊದಲ ವರ್ಷ ತೊಂದರೆ ಇರಲಿಲ್ಲ. ಈಗ ಅರ್ಧದಷ್ಟು ಐಸೂ ಬರುತ್ತಿಲ್ಲ. ಕ್ಯೂಬ್ ಬೆಳ್ಳಗಿರುತ್ತದೆ, ನಡುವೆ ತೂತು ಬೀಳುತ್ತದೆ. ಕೆಲವೊಮ್ಮೆ ತಟ್ಟೆ ಬಿಟ್ಟು ಬೀಳುವುದೇ ಇಲ್ಲ. ಮೆಕ್ಯಾನಿಕ್ ಎರಡು ಸಲ ಬಂದು, ಮೆಷಿನ್ ಬಿಚ್ಚಿ, ಬ್ಲೋವರ್‌ನಿಂದ ಗಾಳಿ ಹೊಡೆದು, ಗ್ಯಾಸ್ ತುಂಬಿ ಹೋದರು. ಸ್ವಲ್ಪ ದಿನ ಪರವಾಗಿಲ್ಲ ಅನಿಸುತ್ತದೆ, ಮತ್ತೆ ಅದೇ ಕಥೆ. ಈಗ ಕಂಪ್ರೆಸರ್ ಹೋಗಿದೆ, ಬದಲಿಸಬೇಕು ಎನ್ನುತ್ತಾರೆ. ನೀರು ಬೋರ್‌ವೆಲ್‌ನದು, ತಾರಸಿಯ ಟ್ಯಾಂಕಿನಿಂದ ಬರುತ್ತದೆ, ಸಾಫ್ಟ್‌ನರ್ ಹಾಕಿಸಿದ್ದೇವೆ. ಏನು ಮಾಡುವುದು? ಬೇಸಿಗೆಗೆ ಮುಂಚೆ ಇನ್ನೊಂದು ಮೆಷಿನ್ ಕೊಳ್ಳಬೇಕೇ?

ಉತ್ತರ: ಕಂಪ್ರೆಸರ್ ಬದಲಿಸುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ಐಸ್ ಕಡಿಮೆ, ಬಣ್ಣ ಬಿಳಿ, ನಡುವೆ ತೂತು, ತಟ್ಟೆಗೆ ಅಂಟಿಕೊಳ್ಳುವುದು, ಈ ನಾಲ್ಕೂ ಒಟ್ಟಿಗೆ ಬಂದಿವೆ ಅಂದರೆ ನಾನು ಮೊದಲು ನೋಡುವುದು ನೀರನ್ನು, ಆಮೇಲೆ ಗಾಳಿಯನ್ನು, ಕೊನೆಗೆ ಗ್ಯಾಸನ್ನು. ನಮ್ಮ ಊರುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಫ್ರಿಜ್, ಎಸಿ ರಿಪೇರಿ ಮಾಡಿ ಕೈ ಪಳಗಿದವರಿಗೆ ತಂಪು ಕಡಿಮೆ ಎಂದ ಕೂಡಲೇ ಗ್ಯಾಸ್ ನೆನಪಾಗುತ್ತದೆ. ಫ್ರಿಜ್ಜಿಗೆ ನೀರಿನ ಪೈಪ್ ಇಲ್ಲ, ಐಸ್ ಮೆಷಿನ್‌ಗೆ ಇದೆ. ಅರ್ಧಕ್ಕಿಂತ ಹೆಚ್ಚು ತೊಂದರೆ ಆ ಪೈಪಿನಿಂದಲೇ ಒಳಗೆ ಬರುತ್ತದೆ.

ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಮೆಕ್ಯಾನಿಕ್ ಬಂದಾಗಲೆಲ್ಲ ಗ್ಯಾಸ್ ತುಂಬುವ ಮೊದಲು ಬ್ಲೋವರ್ ಹೊಡೆದಿದ್ದಾರೆ. ಸ್ವಲ್ಪ ದಿನ ಮೆಷಿನ್ ಚೇತರಿಸಿಕೊಂಡದ್ದು ಆ ಗಾಳಿಯಿಂದ ಇರಬಹುದು. ಬಿಸಿ ಹೊರಹಾಕುವ ಜಾಲರಿಯ, ಅಂದರೆ ಕಂಡೆನ್ಸರ್‌ನ, ಧೂಳು ಹೋಯಿತು, ಬಿಸಿ ಹೊರಬಿತ್ತು, ಐಸ್ ಹೆಚ್ಚಾಯಿತು. ಹೆಸರು ಮಾತ್ರ ಗ್ಯಾಸಿಗೆ ಬಂತು.

ಮೆಷಿನ್ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕೆಳಗಿನ ತೊಟ್ಟಿಯಲ್ಲಿ ಒಂದು ಸರದಿಗೆ ಬೇಕಾದಷ್ಟು ನೀರು ತುಂಬಿಕೊಳ್ಳುತ್ತದೆ. ಸಣ್ಣ ಪಂಪ್ ಅದನ್ನು ಮೇಲಕ್ಕೆತ್ತಿ, ತೂತುಗಳಿರುವ ಅಡ್ಡ ಕೊಳವೆಯ ಮೂಲಕ, ನಿಂತಿರುವ ಚೌಕಟ್ಟಿನ ತಟ್ಟೆಯ ಮೇಲೆ ಹರಿಸುತ್ತದೆ. ತಟ್ಟೆಯ ಹಿಂದೆ ತಣ್ಣನೆಯ ಗ್ಯಾಸ್ ಓಡುತ್ತಿರುತ್ತದೆ. ಹರಿಯುವ ನೀರಿನಲ್ಲಿ ಶುದ್ಧ ನೀರು ಮೊದಲು ಹೆಪ್ಪುಗಟ್ಟುತ್ತದೆ, ಅದರಲ್ಲಿದ್ದ ಸುಣ್ಣ ಮತ್ತು ಲವಣ ತೊಟ್ಟಿಗೆ ವಾಪಸು ಬೀಳುತ್ತವೆ. ಒಳ್ಳೆಯ ಕ್ಯೂಬ್ ಗಾಜಿನಂತೆ ಕಾಣುವುದು ಇದರಿಂದಲೇ. ಐಸ್ ಸಾಕಷ್ಟು ದಪ್ಪವಾದಾಗ ಹಾಟ್ ಗ್ಯಾಸ್ ವಾಲ್ವ್ ತೆರೆದು ಕಂಪ್ರೆಸರ್‌ನ ಬಿಸಿ ಗ್ಯಾಸ್ ನೇರವಾಗಿ ತಟ್ಟೆಗೆ ನುಗ್ಗುತ್ತದೆ, ಅಂಚು ಕರಗಿ ಐಸ್ ಹಲಗೆಯಾಗಿ ಜಾರಿ ಬೀಳುತ್ತದೆ. ಮೆಕ್ಯಾನಿಕ್‌ಗಳು ಹಾರ್ವೆಸ್ಟ್ ಅನ್ನುವುದು ಈ ಹಂತಕ್ಕೆ. ತೊಟ್ಟಿಯಲ್ಲಿ ಉಳಿದ, ಲವಣ ಮಡುಗಟ್ಟಿದ ನೀರು ಡ್ರೈನಿಗೆ ಹೋಗಿ ಹೊಸ ನೀರು ಬರುತ್ತದೆ. ಕೆಲವು ಮೆಷಿನ್‌ಗಳಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ತತ್ವ ಅದೇ.

ರಿಪೇರಿಗೆ ಕೈ ಹಾಕುವ ಮೊದಲು ಒಂದು ಅಳತೆ ಮಾಡಿ. ಖಾನಾವಳಿಯ ತಕ್ಕಡಿ, ಮೊಬೈಲಿನ ಗಡಿಯಾರ ಸಾಕು. ಒಂದು ಸಲ ಐಸ್ ಬಿದ್ದಲ್ಲಿಂದ ಮುಂದಿನ ಸಲ ಬೀಳುವವರೆಗೆ ಎಷ್ಟು ನಿಮಿಷ ಎಂದು ಬರೆದಿಡಿ. ಆ ಸಲ ಬಿದ್ದ ಐಸನ್ನು ತೂಗಿ. ದಿನಕ್ಕೆ 1440 ನಿಮಿಷ; ಅದನ್ನು ನಿಮ್ಮ ನಿಮಿಷದಿಂದ ಭಾಗಿಸಿ, ತೂಕದಿಂದ ಗುಣಿಸಿದರೆ ಮೆಷಿನ್ ನಿಜವಾಗಿ ದಿನಕ್ಕೆ ಎಷ್ಟು ಕೆ.ಜಿ. ಕೊಡುತ್ತಿದೆ ಎಂಬುದು ಸಿಗುತ್ತದೆ. 24 ನಿಮಿಷಕ್ಕೆ 1.6 ಕೆ.ಜಿ. ಬಿದ್ದರೆ 96 ಕೆ.ಜಿ. ಅದೇ ಮೆಷಿನ್ 36 ನಿಮಿಷ ತೆಗೆದುಕೊಂಡು 1.3 ಕೆ.ಜಿ. ಕೊಟ್ಟರೆ 52 ಕೆ.ಜಿ. ಮೂರು ಸರದಿ ಅಳೆದು ಸರಾಸರಿ ತೆಗೆಯಿರಿ, ಅಳೆದ ಹೊತ್ತು, ಕೋಣೆಯ ಬಿಸಿ ಎಷ್ಟಿತ್ತು ಎಂಬುದನ್ನೂ ಬರೆಯಿರಿ. ಮುಂದೆ ಏನೇ ಮಾಡಿದರೂ ಮಾಡಿದ ಮೇಲೆ ಮತ್ತೆ ಇದೇ ಅಳತೆ. ಈ ಅಂಕಿ ಇಲ್ಲದೆ ರಿಪೇರಿ ಮಾಡಿಸಿದರೆ ದುಡ್ಡು ಕೆಲಸ ಮಾಡಿತೋ ಇಲ್ಲವೋ ನಿಮಗೂ ಗೊತ್ತಾಗುವುದಿಲ್ಲ, ಮೆಕ್ಯಾನಿಕ್‌ಗೂ ಗೊತ್ತಾಗುವುದಿಲ್ಲ.

ಈ ಅಳತೆಯನ್ನು 100 ಕೆ.ಜಿ.ಗೆ ಹೋಲಿಸುವಾಗ ಒಂದು ವಿಷಯ ಗಮನದಲ್ಲಿರಲಿ. ಐಸ್ ಮೆಷಿನ್‌ಗಳ ಸಾಮರ್ಥ್ಯ ಹೇಳುವ ಅಮೆರಿಕದ ಎಎಚ್‌ಆರ್‌ಐ ಮಾನದಂಡದಲ್ಲಿ ಸುತ್ತಲಿನ ಗಾಳಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಒಳಬರುವ ನೀರು ಸುಮಾರು 21 ಡಿಗ್ರಿ. ಆದರೆ ಕ್ಯಾಟಲಾಗಿನ ದಪ್ಪಕ್ಷರದ ಸಂಖ್ಯೆ ಎಷ್ಟೋ ಸಲ 21 ಡಿಗ್ರಿ ಗಾಳಿ, 10 ಡಿಗ್ರಿ ನೀರಿನ ಲೆಕ್ಕದ್ದು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಾರಸಿಯ ಟ್ಯಾಂಕಿನ ನೀರನ್ನು ಮಧ್ಯಾಹ್ನ ಮುಟ್ಟಿದರೆ ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ತಣಿಸಲು ಒಂದು ಕಿಲೋ ಕ್ಯಾಲೊರಿ ಬಿಸಿ ತೆಗೆಯಬೇಕು. ಸೊನ್ನೆ ಡಿಗ್ರಿಯ ನೀರನ್ನು ಐಸ್ ಮಾಡಲು ಇನ್ನೂ 80. 21 ಡಿಗ್ರಿಯ ನೀರಾದರೆ ಒಟ್ಟು 101, 38 ಡಿಗ್ರಿಯ ನೀರಾದರೆ 118. ನೀರು ಬಿಸಿಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಮೆಷಿನ್ ಶೇ 17ರಷ್ಟು ಹೆಚ್ಚು ದುಡಿಯಬೇಕು, ಇನ್ನು ಗಾಳಿಯ ಬಿಸಿ ಅದರ ಮೇಲೆ. ಹಾಗಾಗಿ ನಿಮ್ಮ ಮೆಷಿನ್ ಬೇಸಿಗೆಯಲ್ಲಿ 70 ಕೆ.ಜಿ. ಆಸುಪಾಸು ಕೊಟ್ಟರೆ ಅದು ಕೆಟ್ಟಿಲ್ಲ. 50ಕ್ಕಿಂತ ಕೆಳಗೆ ಇಳಿದಿದ್ದರೆ ಮಾತ್ರ ಕಾರಣ ಹುಡುಕಬೇಕು.

ಈಗ ನೀರಿಗೆ ಬರೋಣ. ನಿಮ್ಮ ಜಿಲ್ಲೆಯ ನೆಲ ನಿಮಗೇ ಗೊತ್ತು. ಶಹಾಬಾದ್ ಕಲ್ಲು ಏಳುವುದು, ಸೇಡಂ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಸುಣ್ಣಕಲ್ಲಿನ ಮೇಲೆ. ಆ ನೆಲದಲ್ಲಿ ಇಳಿದು ಬಂದ ನೀರು ಗಡಸಾಗಿರದೆ ಹೇಗಿದ್ದೀತು? ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅದು ಮನುಷ್ಯ ಕುಡಿಯಲು ಹಾಕಿದ ಮಿತಿ. ಕುಡಿಯಲು ನಡೆಯುತ್ತದೆ ಎಂದ ನೀರು ಐಸ್ ಮೆಷಿನ್‌ಗೂ ನಡೆಯುತ್ತದೆ ಎಂದು ತಿಳಿಯಬೇಡಿ. ಲೆಕ್ಕ ನೋಡಿ: ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರನ್ನು ಮೆಷಿನ್ ದಿನಕ್ಕೆ 150 ಲೀಟರ್ ಎಳೆದರೆ, ದಿನಕ್ಕೆ 75 ಗ್ರಾಂ ಸುಣ್ಣದಂಥ ವಸ್ತು ಒಳಗೆ ಬರುತ್ತದೆ. ತಿಂಗಳಿಗೆ ಎರಡು ಕೆ.ಜಿ.ಗೂ ಮೇಲೆ. ಹೆಚ್ಚಿನದು ಡ್ರೈನಿಗೆ ಹೋಗುತ್ತದೆ, ಆದರೆ ಉಳಿದ ಚೂರೇ ಸಾಕು. ನೀರು ಕಾಯಿಸುವ ಹಂಡೆಯ ತಳದಲ್ಲಿ ಬೆಳ್ಳನೆಯ ಚಕ್ಕೆ ಕಟ್ಟುತ್ತದಲ್ಲ, ಅದೇ ಪದರ ತಟ್ಟೆಯ ಮೇಲೆ, ಅಡ್ಡ ಕೊಳವೆಯ ತೂತುಗಳಲ್ಲಿ, ಪಂಪಿನ ರೆಕ್ಕೆಯಲ್ಲಿ, ದಪ್ಪ ಅಳೆಯುವ ಪ್ರೋಬಿನ ಮೇಲೆ ಕಟ್ಟುತ್ತದೆ.

ನಿಮ್ಮ ನಾಲ್ಕು ಲಕ್ಷಣಗಳನ್ನು ಈ ಪದರಕ್ಕೆ ಹೊಂದಿಸಿ ನೋಡಿ. ತಟ್ಟೆ ನುಣುಪು ಕಳೆದುಕೊಂಡು ಒರಟಾದಾಗ ಐಸ್ ಅದನ್ನು ಹಿಡಿದುಕೊಳ್ಳುತ್ತದೆ, ಬಿಸಿ ಗ್ಯಾಸ್ ಬಂದರೂ ಜಾರುವುದಿಲ್ಲ. ಬೀಳದ ಐಸಿನ ಮೇಲೆ ಮತ್ತೆ ನೀರು ಹರಿದರೆ ದಪ್ಪ ಗಡ್ಡೆಯಾಗಿ ಮೆಷಿನ್ ನಿಂತೇ ಬಿಡುತ್ತದೆ. ಕೊಳವೆಯ ತೂತುಗಳು ಕಟ್ಟಿದರೆ ತಟ್ಟೆಯ ಒಂದು ಕಂಬಸಾಲಿಗೆ ನೀರು, ಪಕ್ಕದ್ದಕ್ಕೆ ಇಲ್ಲ. ಪ್ರೋಬಿನ ಮೇಲೆ ಲವಣ ಕಟ್ಟಿದರೆ ಐಸ್ ಇನ್ನೂ ತೆಳುವಾಗಿರುವಾಗಲೇ ದಪ್ಪವಾಯಿತು ಎಂದು ತಪ್ಪು ಸೂಚನೆ ಹೋಗುತ್ತದೆ, ಅವಧಿಗೆ ಮೊದಲೇ ಐಸ್ ಉದುರುತ್ತದೆ. ಪ್ರತಿ ಕ್ಯೂಬೂ ಗೋಡೆಯಿಂದ ಒಳಕ್ಕೆ ಹೆಪ್ಪುಗಟ್ಟುತ್ತಾ ಬರುವುದರಿಂದ ನಡುಭಾಗ ಕೊನೆಗೆ ತುಂಬಬೇಕು. ಅರ್ಧದಲ್ಲಿ ಉದುರಿಸಿದರೆ ನಡುವೆ ತೂತು. ಸಣ್ಣ ಗುಳಿ ಇರುವುದು ಸಹಜ, ಆಚೆ ಕಾಣುವ ತೂತು ಸಹಜವಲ್ಲ. ಇಡೀ ಹಲಗೆಯನ್ನು ಬೆಸೆಯುವ ಐಸಿನ ಪದರ ಸುಮಾರು 3 ಮಿಲಿಮೀಟರ್ ದಪ್ಪ ಇರಬೇಕು. ಬಿಳಿ ಬಣ್ಣಕ್ಕೆ ಕಾರಣ ತೊಟ್ಟಿಯ ಹಳೆಯ ನೀರು ಹೊರಗೆ ಹೋಗದಿರುವುದು. ಡ್ರೈನ್ ವಾಲ್ವ್ ಅಥವಾ ಅದರ ಪೈಪ್ ಕಟ್ಟಿ, ಸರದಿಯಿಂದ ಸರದಿಗೆ ಲವಣ ಗಟ್ಟಿಯಾಗುತ್ತಾ ಹೋಗಿ, ಕಡೆಗೆ ಐಸಿನೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಸಾಫ್ಟ್‌ನರ್ ಇದೆಯಲ್ಲ ಎನ್ನುತ್ತೀರಿ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಚಕ್ಕೆ ಕಟ್ಟುವುದು ಕಡಿಮೆಯಾಗುತ್ತದೆ ನಿಜ, ನೀರಿನ ಒಟ್ಟು ಲವಣ, ಅಂದರೆ ಟಿಡಿಎಸ್, ಇಳಿಯುವುದಿಲ್ಲ. ಅದಕ್ಕೇ ಸಾಫ್ಟ್‌ನರ್ ನೀರಿನ ಐಸ್ ಮೆತ್ತಗೆ, ಮಸುಕಾಗಿ ಬಂದು ಬೇಗ ಕರಗುತ್ತದೆ. ಇನ್ನೊಂದು ವಿಷಯ, ಸಾಫ್ಟ್‌ನರಿಗೆ ಉಪ್ಪು ಹಾಕಿ ತೊಳೆಯುವುದನ್ನು ಮರೆತರೆ ಅದು ಗಡಸು ನೀರನ್ನು ಹಾಗೇ ಬಿಡುತ್ತದೆ. ಕೊನೆಯ ಸಲ ಉಪ್ಪು ಹಾಕಿದ್ದು ಯಾವಾಗ ಎಂದು ಕೆಲಸದವರನ್ನು ಕೇಳಿ ನೋಡಿ. ಸಾಫ್ಟ್‌ನರಿನ ನಂತರದ ನೀರಿನ ಗಡಸುತನವನ್ನು ಹನಿ ಹಾಕಿ ಬಣ್ಣ ನೋಡುವ ಕಿಟ್‌ನಿಂದ ಮನೆಯಲ್ಲೇ ಪರೀಕ್ಷಿಸಬಹುದು. ಜೇಬಿನ ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ, ಎರಡೂ ಬೇರೆ.

ನಿಮ್ಮ ನೀರಿಗೆ ನಿಜವಾದ ಪರಿಹಾರ ಆರ್‌ಒ, ಅಂದರೆ ಸೂಕ್ಷ್ಮ ಪೊರೆಯಲ್ಲಿ ಸೋಸಿ ಲವಣವನ್ನೂ ತೆಗೆಯುವ ಫಿಲ್ಟರ್. ಆದರೆ ಮನೆಯ ಆರ್‌ಒ ತಂದು ನೇರವಾಗಿ ಸಿಕ್ಕಿಸಿದರೆ ಹೊಸ ತೊಂದರೆ ಶುರುವಾಗುತ್ತದೆ. ಅದರ ಧಾರೆ ಸಣ್ಣದು, ಮೆಷಿನ್ ತೊಟ್ಟಿ ತುಂಬುವ ಹೊತ್ತಿಗೆ ಸಮಯ ಮೀರುತ್ತದೆ. ಹಾಗಾಗಿ ಆರ್‌ಒ ಆದಮೇಲೆ ನೆರಳಿನಲ್ಲಿ ಒಂದು ಸಣ್ಣ ಟ್ಯಾಂಕ್, ಅದರಿಂದ ಒತ್ತಡದ ಪಂಪ್, ಅಲ್ಲಿಂದ ಮೆಷಿನ್. ಇನ್ನೊಂದು ಎಚ್ಚರಿಕೆ: ನೀರಿನ ಮಟ್ಟ ಮತ್ತು ಐಸಿನ ದಪ್ಪವನ್ನು ವಿದ್ಯುತ್ ಹರಿವಿನಿಂದ ತಿಳಿಯುವ ಪ್ರೋಬ್‌ಗಳಿರುವ ಮೆಷಿನ್‌ಗಳಲ್ಲಿ, ಟಿಡಿಎಸ್ ತೀರಾ ಇಳಿದರೆ ಪ್ರೋಬಿಗೆ ನೀರು ಇರುವುದೇ ಗೊತ್ತಾಗುವುದಿಲ್ಲ. ತೊಟ್ಟಿ ಉಕ್ಕಿ ಹರಿಯುತ್ತಲೇ ಇರುತ್ತದೆ, ಐಸ್ ದಪ್ಪವಾದರೂ ಉದುರುವುದಿಲ್ಲ. ಆರ್‌ಒ ಹಾಕಿಸಿದ ಮೇಲೆ ಮೆಷಿನ್ ಕೆಟ್ಟಿತು ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಆರ್‌ಒ ಘಟಕದಲ್ಲಿ ಮಿಶ್ರಣದ ವಾಲ್ವ್ ಇರುತ್ತದೆ, ಅದನ್ನು ತಿರುಗಿಸಿ ಟಿಡಿಎಸ್ 50ರಿಂದ 100ರ ನಡುವೆ ಇರಿಸಿಕೊಳ್ಳಿ. ಆರ್‌ಒ ನೀರು ಲೋಹವನ್ನು ತಿನ್ನುವ ಗುಣದ್ದು, ಆದ್ದರಿಂದ ಅಲ್ಲಿಂದ ಮುಂದೆ ಜಿಐ ಪೈಪ್ ಬೇಡ, ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಪೈಪ್ ಹಾಕಿಸಿ.

ತಾರಸಿಯ ಟ್ಯಾಂಕ್ ಎಂದಿರಲ್ಲ, ಅದು ಎಷ್ಟು ಎತ್ತರದಲ್ಲಿದೆ? ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಒಂದು ಬಾರ್, ಅಂದರೆ ಸುಮಾರು 14 ಪಿಎಸ್‌ಐ. ಒಂದಂತಸ್ತಿನ ಕಟ್ಟಡದ ಮೇಲಿನ ಟ್ಯಾಂಕಿನಿಂದ ಮೆಷಿನ್‌ಗೆ ನಾಲ್ಕು ಮೀಟರ್ ಸಿಕ್ಕರೆ ಒತ್ತಡ 6 ಪಿಎಸ್‌ಐ ಕೂಡ ಬರುವುದಿಲ್ಲ. ಹೆಚ್ಚಿನ ಮೆಷಿನ್‌ಗಳು ಕೇಳುವುದು ಕನಿಷ್ಠ 15-20 ಪಿಎಸ್‌ಐ. ಒಳಗಿನ ವಿದ್ಯುತ್ ವಾಲ್ವಿನ ರಬ್ಬರ್ ಪರದೆ ಏಳುವುದೂ ಕೂರುವುದೂ ನೀರಿನ ಒತ್ತಡದಿಂದಲೇ. ಒತ್ತಡ ಸಾಲದಿದ್ದರೆ ಸರಿಯಾಗಿ ತೆರೆಯುವುದಿಲ್ಲ, ತೆರೆದರೆ ಪೂರ್ತಿ ಮುಚ್ಚುವುದಿಲ್ಲ. ತೆರೆಯದಿದ್ದರೆ ನೀರು ಸಾಲದೆ ಕ್ಯೂಬ್ ಪೊಳ್ಳು. ಮುಚ್ಚದಿದ್ದರೆ ಹೆಪ್ಪುಗಟ್ಟುವ ಹೊತ್ತಿನಲ್ಲೂ ಬಿಸಿನೀರು ಜಿನುಗುತ್ತಲೇ ಇದ್ದು ಮೆಷಿನ್ ಅದನ್ನು ತಣಿಸುತ್ತಲೇ ಕಾಲ ಕಳೆಯುತ್ತದೆ. ಪರೀಕ್ಷೆ ಸುಲಭ: ಮೆಷಿನ್ ಸ್ವಿಚ್ ಆಫ್ ಮಾಡಿ, ನೀರಿನ ನಲ್ಲಿ ತೆರೆದೇ ಇಡಿ. ತೊಟ್ಟಿಗೆ ಹನಿ ಬೀಳುತ್ತಿದ್ದರೆ ವಾಲ್ವ್ ಸೋರುತ್ತಿದೆ. ಹಾಗೇ ವಾಲ್ವಿನ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ, ನೀರು ಬಂದ್ ಮಾಡಿ ಅದನ್ನು ಬಿಚ್ಚಿ ನೋಡಿ. ಬೋರ್‌ವೆಲ್‌ನ ಮರಳು, ಸಾಫ್ಟ್‌ನರಿನ ಕಂದು ಹರಳು ಅಲ್ಲಿ ಕೂತಿದ್ದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಇನ್ನು ಚಕ್ಕೆ ತೆಗೆಯುವ ಕೆಲಸ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಬಾತ್‌ರೂಮ್ ತೊಳೆಯುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್, ಮೆಷಿನ್ ಹತ್ತಿರವೂ ಬರಬಾರದು. ಚಕ್ಕೆ ಎರಡೇ ನಿಮಿಷದಲ್ಲಿ ಹೋಗುತ್ತದೆ ಎಂದು ಕೆಲವರು ಅದನ್ನೇ ಸುರಿಯುತ್ತಾರೆ. ಚಕ್ಕೆಯ ಜೊತೆ ತಾಮ್ರದ ತಟ್ಟೆಯ ಮೇಲಿನ ನಿಕಲ್ ಲೇಪನವೂ ಹೋಗುತ್ತದೆ, ಸ್ಟೀಲಿನಲ್ಲಿ ತೂತು ಬೀಳುತ್ತದೆ. ಒಮ್ಮೆ ಲೇಪನ ಎದ್ದ ತಟ್ಟೆಯಲ್ಲಿ ಐಸ್ ಎಂದೂ ಸರಿಯಾಗಿ ಜಾರುವುದಿಲ್ಲ, ನಿಕಲ್ ಚಕ್ಕೆಗಳು ಐಸಿನಲ್ಲಿ ಬಂದು ಗಿರಾಕಿಯ ಹೊಟ್ಟೆ ಸೇರುತ್ತವೆ. ತಟ್ಟೆ ಬದಲಿಸುವ ಖರ್ಚಿಗೆ ಕಂಪ್ರೆಸರ್ ಖರ್ಚು ಸಣ್ಣದೆನಿಸಬಹುದು. ಚಾಕು, ಸ್ಕ್ರೂಡ್ರೈವರ್‌ನಿಂದ ಐಸ್ ಕೆರೆಯುವುದೂ ಅದೇ ಪಾಪ.

ಕಂಪನಿ ಹೇಳಿದ, ನಿಕಲ್‌ಗೆ ಹಾನಿ ಮಾಡದ ಡಿಸ್ಕೇಲರ್ ಸಿಕ್ಕರೆ ಅದನ್ನೇ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಬಳಸಿ. ಸಿಗದಿದ್ದರೆ, ಮೆಷಿನ್ ಕೈಪಿಡಿಯಲ್ಲಿ ಬೇಡ ಎಂದು ಬರೆದಿಲ್ಲದಿದ್ದರೆ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಆಹಾರ ದರ್ಜೆಯ ಸಿಟ್ರಿಕ್ ಆಸಿಡ್ ಆಗುತ್ತದೆ, ಲೀಟರ್ ಉಗುರುಬೆಚ್ಚಗಿನ ನೀರಿಗೆ 30ರಿಂದ 50 ಗ್ರಾಂ. ಮೊದಲು ಐಸ್ ಬಿದ್ದು ಕೂಡುವ ಡಬ್ಬಿಯಲ್ಲಿರುವ ಐಸನ್ನೆಲ್ಲ ತೆಗೆದುಬಿಡಿ. ತಟ್ಟೆಯಲ್ಲಿ ಐಸ್ ಇಲ್ಲದಿರುವಾಗ ಸ್ವಿಚ್ಚನ್ನು ತೊಳೆಯುವ ಸ್ಥಾನಕ್ಕೆ ತಿರುಗಿಸಿ; ಆಗ ಪಂಪ್ ಮಾತ್ರ ಓಡುತ್ತದೆ, ಕಂಪ್ರೆಸರ್ ಓಡುವುದಿಲ್ಲ. ದ್ರಾವಣವನ್ನು ತೊಟ್ಟಿಗೆ ಹಾಕಿ 20-30 ನಿಮಿಷ ಸುತ್ತಲು ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಗುಳ್ಳೆ ಏಳುವುದು ನಿಂತರೂ ಚಕ್ಕೆ ಉಳಿದಿದ್ದರೆ ಆ ದ್ರಾವಣದ ಶಕ್ತಿ ಮುಗಿದಿದೆ. ಹೊರಗೆ ಬಿಟ್ಟು ಹೊಸದು ಹಾಕಿ. ಅಡ್ಡ ಕೊಳವೆ, ತಟ್ಟೆಯ ಮುಂದೆ ತೂಗುವ ಪರದೆ, ಪಂಪಿನ ಜಾಲರಿ ಬಿಚ್ಚಲು ಬರುತ್ತವೆ, ಅವನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಕೊಳವೆಯ ಒಂದೊಂದು ತೂತನ್ನೂ ಬೆಳಕಿಗೆ ಹಿಡಿದು ನೋಡಿ. ಪ್ರೋಬನ್ನು ಬಟ್ಟೆಯಿಂದ ಒರೆಸಿ. ಆಮೇಲೆ ಮೂರು ನಾಲ್ಕು ಸಲ ಬರೀ ನೀರಿನಲ್ಲಿ ತೊಳೆಯಿರಿ.

ಇದೆಲ್ಲ ಆದ ಮೇಲೆಯೇ ಕ್ರಿಮಿನಾಶ. 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ ಲೀಟರ್ ನೀರಿಗೆ 4 ಮಿಲಿಲೀಟರ್, ಅದು 200 ಪಿಪಿಎಂ ಆಗುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿ, ಐಸ್ ಡಬ್ಬಿಯ ಒಳಗೋಡೆಯನ್ನೂ ಅದರಿಂದ ಒರೆಸಿ, ಚೆನ್ನಾಗಿ ತೊಳೆದು, ಮೊದಲ ಎರಡು ಸರದಿಯ ಐಸ್ ಚೆಲ್ಲಿಬಿಡಿ. ಆಸಿಡ್ ಮತ್ತು ಬ್ಲೀಚ್ ಯಾವ ಕಾರಣಕ್ಕೂ ಬೆರೆಯಬಾರದು. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಈ ಕೆಲಸ ಮಾಡುವ ಹುಡುಗನಿಗೆ ಕೈಗವಸು, ಕನ್ನಡಕ ಕೊಡಿ, ಕಿಟಕಿ ತೆರೆಸಿ, ಪಕ್ಕದಲ್ಲಿ ನೀವೇ ನಿಂತುಕೊಳ್ಳಿ. ತಯಾರಕರು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಎನ್ನುತ್ತಾರೆ. ನಿಮ್ಮ ನೀರಿಗೆ ಆರ್‌ಒ ಬರುವವರೆಗೆ ಎರಡು ತಿಂಗಳಿಗೊಮ್ಮೆ ಮಾಡಿಸಿ.

ಗಾಳಿಯ ವಿಷಯ ಚುಟುಕಾಗಿ ಹೇಳಬಹುದು. ಕಂಡೆನ್ಸರ್ ಎಂಬ ಜಾಲರಿಯಿಂದ ಬಿಸಿ ಹೊರಹೋಗಬೇಕು. ಖಾನಾವಳಿಯ ಒಗ್ಗರಣೆಯ ಎಣ್ಣೆಹೊಗೆ ಅದರ ಮೇಲೆ ಕೂತು, ಅದಕ್ಕೆ ಹಿಟ್ಟಿನ ಧೂಳು ಅಂಟಿ ಕಂಬಳಿಯಾಗುತ್ತದೆ. ಇಂಥ ಜಿಡ್ಡಿಗೆ ಬರೀ ಬ್ಲೋವರ್ ಸಾಲದು. ಕರೆಂಟ್ ತೆಗೆದು, ಎಲೆಕ್ಟ್ರಿಕಲ್ ಭಾಗ ಮುಚ್ಚಿ, ಕಾಯಿಲ್ ಕ್ಲೀನರ್ ಹಾಕಿ ತೊಳೆಸಿ, ರೆಕ್ಕೆಗಳು ಬಗ್ಗದಂತೆ ಮೆತ್ತನೆಯ ಬ್ರಷ್ ಮೇಲಿಂದ ಕೆಳಕ್ಕೆ ಆಡಿಸಿ. ತಿಂಗಳಿಗೊಮ್ಮೆ ಇದು ಆಗಲೇಬೇಕು. ಮೆಷಿನ್ ಸುತ್ತ ಒಂದು ಗೇಣು ಜಾಗ ಬಿಡಿ. ರೊಟ್ಟಿ ಒಲೆಯ ಪಕ್ಕ ಇಟ್ಟಿದ್ದರೆ ಇವತ್ತೇ ಅಲ್ಲಿಂದ ಸರಿಸಿ. ಜ್ಯೂಸ್ ಸೆಂಟರ್ ಕಡೆಯ ಗೋಡೆಗೆ ತಂದರೂ ಐಸ್ ಹೆಚ್ಚುವುದು ನಿಮಗೇ ಅಳತೆಯಲ್ಲಿ ಕಾಣುತ್ತದೆ. ಫ್ಯಾನ್ ನಿಧಾನವಾಗಿ ತಿರುಗುತ್ತಿದ್ದರೆ ಅದರ ಕೆಪಾಸಿಟರ್ ನೋಡಿಸಿ.

ಇಷ್ಟು ಮಾಡಿ ಮತ್ತೆ ಅಳೆದು ನೋಡಿ. ನನ್ನ ಅಂದಾಜಿನಲ್ಲಿ ನಿಮ್ಮ ಮೆಷಿನ್ ಇಷ್ಟಕ್ಕೇ ದಾರಿಗೆ ಬರುತ್ತದೆ. ಬರದಿದ್ದರೆ ಗ್ಯಾಸಿನ ಸರದಿ.

ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಎರಡು ವರ್ಷದಲ್ಲಿ ಎರಡು ಸಲ ತುಂಬಿದ್ದಾರೆ ಎಂದರೆ ಎರಡರಲ್ಲೊಂದು: ಎಲ್ಲೋ ಸೋರಿಕೆ ಇದೆ, ಅದನ್ನು ಮುಚ್ಚದೆ ತುಂಬಿದ್ದಾರೆ. ಇಲ್ಲವೇ ಕಡಿಮೆಯೇ ಆಗಿರಲಿಲ್ಲ, ಮೇಲೆ ಇನ್ನಷ್ಟು ಸುರಿದಿದ್ದಾರೆ. ಗ್ಯಾಸ್ ಹೆಚ್ಚಾದರೂ ಐಸ್ ಕಡಿಮೆಯಾಗುತ್ತದೆ, ಕಂಪ್ರೆಸರಿಗೆ ದ್ರವ ನುಗ್ಗಿ ಅದರ ಆಯುಸ್ಸು ಕಡಿಮೆಯಾಗುತ್ತದೆ. ಸೋರಿಕೆ ಇದ್ದರೆ ತಟ್ಟೆಯ ಮೇಲೆ ಗುರುತು ಸಿಗುತ್ತದೆ. ಗ್ಯಾಸ್ ಒಳಬರುವ ತುದಿಯಲ್ಲಿ ದಪ್ಪ ಐಸ್, ಇನ್ನೊಂದು ತುದಿಯಲ್ಲಿ ತೆಳು ಅಥವಾ ಬರಿ ನೀರು. ಎಲ್ಲ ಕಡೆ ಒಂದೇ ಸಮ ತೆಳುವಾಗಿದ್ದರೆ, ಅಥವಾ ಉದ್ದುದ್ದ ಪಟ್ಟಿಗಳಲ್ಲಿ ಮಾತ್ರ ತೆಳುವಾಗಿದ್ದರೆ ನೀರಿನ ಕಡೆಗೇ ವಾಪಸು ಹೋಗಿ. ಹೆಪ್ಪುಗಟ್ಟುವ ಹಂತದ ನಡುವೆ ಹಾಟ್ ಗ್ಯಾಸ್ ವಾಲ್ವಿನ ನಂತರದ ಪೈಪನ್ನು ಬೆರಳಿನಿಂದ ಎಚ್ಚರಿಕೆಯಲ್ಲಿ ಮುಟ್ಟಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಅದು ಆಗ ಬಿಸಿ ಇರಬಾರದು. ಬಿಸಿ ಇದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಒಂದು ಕೈಯಲ್ಲಿ ತಣಿಸಿ ಇನ್ನೊಂದು ಕೈಯಲ್ಲಿ ಕಾಯಿಸಿದಂತೆ ಆಗುತ್ತಿದೆ. ಈ ದೋಷ ಹೊರಗೆ ಗ್ಯಾಸ್ ಕೊರತೆಯಂತೆಯೇ ಕಾಣುತ್ತದೆ.

ಗ್ಯಾಸ್ ಕೆಲಸ ಮಾಡಿಸಲೇಬೇಕಾದರೆ ಹೀಗೆ ಮಾಡಿಸಿ: ಇರುವುದನ್ನು ಹೊರತೆಗೆದು, ನೈಟ್ರೋಜನ್ ಒತ್ತಡ ಕೊಟ್ಟು ಸೋರುವ ಜಾಗ ಹುಡುಕಿ ಬೆಸುಗೆ ಹಾಕಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ತೆಗೆದು, ಮೆಷಿನ್ ಹಿಂದಿನ ಫಲಕದಲ್ಲಿ ಬರೆದ ಗ್ರಾಂ ಲೆಕ್ಕದಲ್ಲೇ ತಕ್ಕಡಿಯಲ್ಲಿ ತೂಗಿ ತುಂಬಬೇಕು. ತಕ್ಕಡಿ ತರದವರಿಗೆ ಈ ಕೆಲಸ ಕೊಡಬೇಡಿ. ಫಲಕದಲ್ಲಿ ಆರ್-290 ಎಂದಿದ್ದರೆ ಅದು ಪ್ರೊಪೇನ್, ಹೊತ್ತಿಕೊಳ್ಳುವಂಥದ್ದು. ಅದರ ತರಬೇತಿ ಇಲ್ಲದವರು ಒಲೆ ಉರಿಯುವ ಅಡುಗೆಮನೆಯಲ್ಲಿ ಅದನ್ನು ಮುಟ್ಟಲೇಬಾರದು.

ಕಂಪ್ರೆಸರ್ ಹೋಗಿದೆ ಎಂಬುದಕ್ಕೆ ಅಂಕಿ ಕೇಳಿ. ಅದರ ಮೂರು ಕಡ್ಡಿಗಳ ನಡುವಿನ ಓಮ್ ಅಳತೆಯಲ್ಲಿ ಎರಡು ಸಣ್ಣವು ಕೂಡಿದರೆ ದೊಡ್ಡದಕ್ಕೆ ಸಮನಾಗಬೇಕು, ಯಾವ ಕಡ್ಡಿಗೂ ದೇಹಕ್ಕೂ ಸಂಪರ್ಕ ಇರಬಾರದು. ಇವು ಸರಿಯಿದ್ದರೆ ಮೋಟಾರಿನ ಸುರುಳಿ ಜೀವಂತವಾಗಿದೆ. ಆಮೇಲೆ ಸ್ಟಾರ್ಟ್ ಕೆಪಾಸಿಟರ್, ರಿಲೇ ಬದಲಿಸಿ ನೋಡಲಿ, ಕಂಪ್ರೆಸರ್‌ಗೆ ಹೋಲಿಸಿದರೆ ಅವುಗಳ ಬೆಲೆ ಏನೂ ಅಲ್ಲ. ಗೇಜ್ ಹಚ್ಚಿದಾಗ ಎಳೆಯುವ ಬದಿಯ ಒತ್ತಡ ಇಳಿಯದೆ, ತಳ್ಳುವ ಬದಿಯದು ಏರದೆ ನಿಂತರೆ ಮಾತ್ರ ಒಳಗಿನ ವಾಲ್ವ್ ಸವೆದಿದೆ ಎಂದು ಒಪ್ಪಬಹುದು. ಬೇಸಿಗೆಯಲ್ಲಿ ಕೊಳಕು ಕಂಡೆನ್ಸರ್‌ನಿಂದ ಕಾದ ಕಂಪ್ರೆಸರ್ ತಾನೇ ನಿಂತು, ಒಂದೆರಡು ಗಂಟೆ ಆರಿದ ಮೇಲೆ ತಾನೇ ಹೊರಡುತ್ತದೆ. ನಿಂತ ಹೊತ್ತಿನಲ್ಲಿ ಬಂದ ಮೆಕ್ಯಾನಿಕ್‌ಗೆ ಅದು ಸತ್ತಂತೆ ಕಾಣುತ್ತದೆ.

ಬೇಸಿಗೆಯ ಕರೆಂಟ್ ಇನ್ನೊಂದು ಕಾಟ. ವೋಲ್ಟೇಜ್ ಇಳಿದಾಗ ಹೊರಡಲು ಹೆಣಗುವ ಕಂಪ್ರೆಸರ್ ಸುಡುತ್ತದೆ, ಆದ್ದರಿಂದ ಕರೆಂಟ್ ಬಂದ ಮೇಲೆ ಮೂರರಿಂದ ಐದು ನಿಮಿಷ ತಡೆದು ಹೊರಡಿಸುವ ಸ್ಟೆಬಿಲೈಸರ್ ಇರಲಿ. ಸರದಿಯ ನಡುವೆ ಕರೆಂಟ್ ಹೋಗಿ ಬೇಗ ಬಂದರೆ, ತಟ್ಟೆಯಲ್ಲಿ ಅರ್ಧ ಐಸ್ ಇರುವಾಗಲೇ ಕೆಲವು ಮೆಷಿನ್‌ಗಳು ಹೊಸ ಸರದಿ ಶುರುಮಾಡಿ ಗಡ್ಡೆ ಕಟ್ಟಿಕೊಳ್ಳುತ್ತವೆ. ಆಗ ಉದುರಿಸುವ ಬಟನ್ ಒತ್ತಿ, ಅಥವಾ ಆಫ್ ಮಾಡಿ ಕರಗಲು ಬಿಡಿ.

ಐಸ್ ಡಬ್ಬಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಆ ಡಬ್ಬಿ ಫ್ರೀಜರ್ ಅಲ್ಲ, ತಂಪು ತಡೆಯುವ ಪೆಟ್ಟಿಗೆ ಅಷ್ಟೇ. ಒಳಗೆ ಐಸ್ ನಿಧಾನ ಕರಗುವುದು ಸಹಜ. ಕರಗಿದ ನೀರು ಹೋಗುವ ಪೈಪ್ ಕಟ್ಟಿದರೆ ಐಸೆಲ್ಲ ಮುದ್ದೆಯಾಗುತ್ತದೆ. ಆ ಪೈಪಿನ ತುದಿ ಚರಂಡಿಯೊಳಗೆ ಮುಳುಗಿರಬಾರದು, ನಡುವೆ ನಾಲ್ಕು ಬೆರಳು ಗಾಳಿ ಇರಬೇಕು, ಇಲ್ಲದಿದ್ದರೆ ಚರಂಡಿಯ ಹೊಲಸು ಮೇಲೇರುತ್ತದೆ. ಐಸ್ ಕೂಡ ಆಹಾರ, ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಕುಡಿಯುವ ನೀರಿನಿಂದಲೇ ಮಾಡಿದ್ದಿರಬೇಕು. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಗ್ಲಾಸಿನಿಂದ ತೋಡಬೇಡಿ, ಕೈ ಹಾಕಬೇಡಿ, ಸ್ಕೂಪನ್ನು ಡಬ್ಬಿಯ ಹೊರಗೆ ತೂಗುಹಾಕಿ. ಹಾಲಿನ ಪ್ಯಾಕೆಟ್, ಹಣ್ಣು ಅದರೊಳಗೆ ತಣ್ಣಗಿಡುವ ಅಭ್ಯಾಸ ಇದ್ದರೆ ಬಿಡಿಸಿ. ದೋಸೆ ಹಿಟ್ಟು ಹುದುಗಲು ಇಡುವ ಜಾಗ ಮೆಷಿನ್ ಪಕ್ಕದಲ್ಲಿ ಬೇಡ, ಹುದುಗಿನ ಗಾಳಿಯಿಂದ ಮೆಷಿನ್ ಒಳಗೆ ಲೋಳೆ ಬೇಗ ಬೆಳೆಯುತ್ತದೆ. ಆರ್‌ಒ, ಕಾರ್ಬನ್ ಫಿಲ್ಟರ್ ಹಾಕಿಸಿದ ಮೇಲೆ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ; ಚಕ್ಕೆ ಕಡಿಮೆಯಾಯಿತು ಎಂದು ಕ್ರಿಮಿನಾಶದ ತೊಳೆತ ಮುಂದೂಡಬೇಡಿ.

ಎರಡನೇ ಮೆಷಿನ್ ಈಗ ಬೇಡ. ಮೊದಲು ಈ ತಟ್ಟೆ ತೊಳೆಸಿ, ಆ ದುಡ್ಡಿನ ಒಂದು ಪಾಲಿನಲ್ಲಿ ಆರ್‌ಒ, ನೆರಳಿನ ಟ್ಯಾಂಕ್, ಪಂಪ್ ಮಾಡಿಸಿ, ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಮತ್ತು ಒಂದು ಮಧ್ಯರಾತ್ರಿ ಅಳೆಯಿರಿ. ರಾತ್ರಿಯ ಅಂಕಿ ಯಾವಾಗಲೂ ಹೆಚ್ಚಿರುತ್ತದೆ. ಡಬ್ಬಿ ರಾತ್ರಿ ಹನ್ನೊಂದಕ್ಕೇ ತುಂಬಿ ಮೆಷಿನ್ ಬೆಳಗಿನವರೆಗೆ ಸುಮ್ಮನೆ ನಿಲ್ಲುತ್ತಿದ್ದರೆ ನಿಮಗೆ ಬೇಕಿರುವುದು ದೊಡ್ಡ ಡಬ್ಬಿ, ಅಥವಾ ತುಂಬಿದ ಐಸನ್ನು ಚೀಲ ಕಟ್ಟಿ ಇಡಲು ಒಂದು ಡೀಪ್ ಫ್ರೀಜರ್. ಅದೂ ಸಾಲದೆ, ಅಳೆದ ಅಂಕಿಗಿಂತ ನಿಮ್ಮ ದಿನದ ಖರ್ಚು ಮೇಲಿದ್ದರೆ ಆಗ ಹೊಸದನ್ನು ನೋಡಿ. ಕೊಳ್ಳುವಾಗ 32 ಡಿಗ್ರಿ ಗಾಳಿ, 21 ಡಿಗ್ರಿ ನೀರಿನಲ್ಲಿ ಎಷ್ಟು ಕೊಡುತ್ತದೆ ಎಂಬುದನ್ನು ಮಾರುವವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.